ಬುಧವಾರವೋ ಶುಕ್ರವಾರವೋ

ನಮ್ಮ ಬೀದಿಯ ಕೊನೆಮನೆ ಹುಡುಗಿಗೆ ಕೆಲಸ ಸಿಕ್ಕಿದೆ. ಕ್ಯಾನ್ಸರ್, ಬಿಪಿ, ಸಕ್ಕರೆ ಕಾಯಿಲೆಗಳ ಮೇಲೆ ಹಳ್ಳಿಗಳಲ್ಲಿ ಸಂಶೋಧನೆ ಮಾಡುವ ಸಂಸ್ಥೆಯೊಂದರಲ್ಲಿ ಕ್ಷೇತ್ರ ಸಹಾಯಕಿ. ನಿವೃತ್ತಳಾಗುವವರೆಗೆ ನಾನು ಮಾಡಿದ್ದೂ ಅದೇ ಕೆಲಸ. ಮೈಸೂರುಪಾಕು ಹಂಚಲು ಬಂದವಳು, "ಆಂಟಿ, ಫೀಲ್ಡ್ ಅಂದ್ರೆ ಹೇಗಿರುತ್ತೆ? ಟ್ರೈನಿಂಗ್‌ನಲ್ಲಿ ಸ್ಲೈಡ್ ತೋರಿಸಿದ್ರು" ಅಂದಳು. ಆ ಸ್ಲೈಡನ್ನು ನಾನೂ ನೋಡಿದ್ದೇನೆ. ಒಬ್ಬ ಹೆಂಗಸು ನಗುತ್ತಾ ಬಾಯಿ ತೆರೆದಿರುತ್ತಾಳೆ, ಇನ್ನೊಬ್ಬಳು ನಗುತ್ತಾ ಟಾರ್ಚು ಹಿಡಿದಿರುತ್ತಾಳೆ. ಅದರಲ್ಲಿ ನಾಯಿ ಇರುವುದಿಲ್ಲ, ಅತ್ತೆ ಇರುವುದಿಲ್ಲ, ಹಟ್ಟಿಯ ಮುಂದೆ ಕೂತು "ಯಾವೂರವ್ವ ನಿಮ್ಮದು, ಯಾವ ಪೈಕಿ" ಎಂದು ಕೇಳುವ ಯಜಮಾನರು ಇರುವುದಿಲ್ಲ. ಹಾಗಾಗಿ ಆ ಹುಡುಗಿಗೆಂದು ಇದನ್ನು ಬರೆಯುತ್ತಿದ್ದೇನೆ. ಇವತ್ತೇ ಬರೆದು ಮುಗಿಸಬೇಕಾಗಿ ಬಂದಿದೆ, ಯಾಕೆಂದು ಆಮೇಲೆ ಹೇಳುತ್ತೇನೆ.

ಕೆಲಸ ಇಷ್ಟೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಜನರ ಬಾಯಿಗೆ ಟಾರ್ಚು ಬಿಟ್ಟು ನೋಡುವುದು, ಬಿಪಿ ಅಳೆಯುವುದು, ರಕ್ತ ತೆಗೆಯುವುದು, ಏನು ತಿಂತೀರಿ, ಏನು ಅಗಿತೀರಿ, ಏನು ಸೇದ್ತೀರಿ ಎಂದು ಕೇಳುವುದು. ಮುಂದಿನ ವರ್ಷ ಮತ್ತೆ ಅದೇ ಜನರ ಹತ್ತಿರ ಹೋಗಿ ಅದನ್ನೇ ಕೇಳುವುದು. ಇದಕ್ಕೆ ಫಾಲೋಅಪ್ ಎಂದು ಹೆಸರು. ಯಾರು ಕಾಯಿಲೆ ಬೀಳುತ್ತಾರೆ, ಯಾರು ಬೀಳುವುದಿಲ್ಲ, ಯಾಕೆ, ಎಂದು ಹೀಗೆ ವರ್ಷಗಟ್ಟಲೆ ಹಿಂದೆ ಬಿದ್ದರೆ ತಿಳಿಯುತ್ತದಂತೆ. ಜನರಿಗೆ ಮಾತ್ರ ತಿಳಿದದ್ದು, ಈ ಹೆಂಗಸು ಏನೂ ಕೊಡುವುದಿಲ್ಲ, ಮಾತ್ರೆಯೂ ಇಲ್ಲ, ಸೂಜಿ ಮಾತ್ರ ಚುಚ್ಚುತ್ತಾಳೆ ಅನ್ನುವುದು. ನನ್ನ ಹೆಸರು ಸರೋಜ. ಆ ಹೆಸರು ಹಳ್ಳಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಬಾಯ್ ನೋಡೋ ಮೇಡಮ್ಮ ಬಂದ್ರು, ಎಲೆ ಉಗೀರಿ" ಎಂದು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕೂಗುತ್ತಿದ್ದರು. ಟಾರ್ಚು ಬಿಡುವ ಹೊತ್ತಿಗೆ ಊರಿನ ಎಲ್ಲ ಬಾಯಿಗಳೂ ಮುಕ್ಕಳಿಸಿ ಮುಗಿದಿರುತ್ತಿದ್ದವು.

ಮೊದಲು ಒಪ್ಪಿಗೆ ಪತ್ರ. ಅದನ್ನು ಬೆಂಗಳೂರಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದು, ಇನ್ಯಾರೋ ಕನ್ನಡ ಮಾಡಿದ್ದರು. "ತಾವು ಯಾವುದೇ ಕಾರಣ ನೀಡದೆ ಸದರಿ ಅಧ್ಯಯನದಿಂದ ಹಿಂಸರಿಯಬಹುದಾಗಿದೆ" ಎಂದು ನಾನು ಓದುತ್ತಿದ್ದರೆ ಜನ ಆಗಲೇ ಹಿಂಸರಿದಿರುತ್ತಿದ್ದರು. ಮರಳವಾಡಿಯ ಕಡೆ ಒಬ್ಬರು ಯಜಮಾನರು ಪೂರ್ತಿ ಕೇಳಿಸಿಕೊಂಡು, ಹೆಬ್ಬೆಟ್ಟಿನ ಪ್ಯಾಡು ನೋಡಿ, "ಎಲ್ಲಾ ಸರಿ ಕಣವ್ವ. ಯಾವ ಸರ್ವೆ ನಂಬರು ಅಂತ ಯೋಳ್ಬುಡು" ಅಂದರು. ಸುತ್ತ ಜಮೀನೆಲ್ಲ ಕಾರ್ಖಾನೆಗೆ ಹೋಗುತ್ತಿದ್ದ ಕಾಲ ಅದು. ಮನೆಬಾಗಿಲಿಗೆ ಬಂದು ಸಹಿ ಕೇಳಿದವರು ಯಾರೂ ಅವರ ಆರೋಗ್ಯ ವಿಚಾರಿಸಲು ಬಂದಿರಲಿಲ್ಲ. "ಜಮೀನು ಬೇಡ ಗೌಡ್ರೇ, ಬಾಯಿ ನೋಡ್ತೀನಿ" ಅಂದೆ. "ಬಾಯಿ ನೋಡಾಕೆ ಹೆಬ್ಬೆಟ್ಟು ಯಾಕೆ?" ಅಂದರು. ನನಗೆ ಇವತ್ತಿಗೂ ಅದಕ್ಕೆ ಸರಿಯಾದ ಉತ್ತರ ಹೊಳೆದಿಲ್ಲ. ಹುಡುಗಿ, ನಿನಗೆ ಹೊಳೆದರೆ ನನಗೂ ಒಂದು ಮಾತು ತಿಳಿಸು.

ಇನ್ನು ನಮ್ಮ ಸಾಹೇಬರು. ಮುಖ್ಯ ಸಂಶೋಧಕರು, ದೊಡ್ಡ ಡಾಕ್ಟರು. ವಿದೇಶದಲ್ಲಿ ಓದಿ ಬಂದವರು, ಬೆಂಗಳೂರಿನಲ್ಲಿ ಇರುವವರು. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿದರೆ ಹಾಗನ್ನಿಸದೇ ಹೋಗಬಹುದು. ಅವರಿಗೆ ಜನರಿಗಿಂತ ಅಂಕಿಗಳ ಮೇಲೆ ನಂಬಿಕೆ ಹೆಚ್ಚು. ಅಂಕಿ ಸುಳ್ಳು ಹೇಳುವುದಿಲ್ಲ ಸರೋಜಾ ಅನ್ನುತ್ತಿದ್ದರು. ಅದಕ್ಕೆ ದೊಡ್ಡಮಳೂರಿನ ಕಡೆ ಒಂದು ಸಲ ತಕ್ಕ ಶಾಸ್ತಿಯೂ ಆಯಿತು.

ಖಾಲಿ ಹೊಟ್ಟೆಯ ರಕ್ತ ತೆಗೆಯಬೇಕಿತ್ತು. "ನಾಳೆ ಬೆಳಿಗ್ಗೆ ಎಲ್ಲಾರೂ ಉಪವಾಸ ಇದ್ದು ಬನ್ನಿ" ಎಂದು ಹಿಂದಿನ ದಿನ ಮನೆಮನೆಗೂ ಹೇಳಿ ಬಂದೆವು. ಮಾರನೇ ದಿನ ಜನ ಸಾಲಾಗಿ ಬಂದರು. ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಮಡಿಯಲ್ಲಿ ಬಂದರು. ಅಷ್ಟು ಶಿಸ್ತಿನ ಶಿಬಿರ ನಾವು ಅದುವರೆಗೆ ಕಂಡಿರಲಿಲ್ಲ. ಲ್ಯಾಬಿನಿಂದ ಫಲಿತಾಂಶ ಬಂದಾಗ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಊರಿಗೆ ಊರೇ ಸಕ್ಕರೆ! ತೆಳ್ಳಗಿನವರಿಗೂ ಸಕ್ಕರೆ, ಹೊಲ ಗೇಯುವವರಿಗೂ ಸಕ್ಕರೆ. ನೀರಿನಲ್ಲಿ ಏನಾದರೂ ಇದೆಯೇ, ಒಳಗೊಳಗೇ ಸಂಬಂಧ ಬೆಳೆಸಿದ್ದರಿಂದ ವಂಶದಲ್ಲಿ ಬಂದಿದೆಯೇ ಎಂದು ಒಂದು ವಾರ ತಲೆ ಕೆಡಿಸಿಕೊಂಡು, ಸಮ್ಮೇಳನಕ್ಕೆ ಒಂದು ಟಿಪ್ಪಣಿಯನ್ನೂ ಬರೆದಿಟ್ಟುಕೊಂಡರು.

ನಿಜ ಹೊರಬಿದ್ದದ್ದು ನಮ್ಮ ಜೀಪಿನ ಡ್ರೈವರ್ ಕೆಂಪಣ್ಣನಿಂದ. ಅವನು ಹೋಟೆಲಿನಲ್ಲಿ ಟೀ ಕುಡಿಯುತ್ತಾ ಆ ಊರಿನವನೊಬ್ಬನನ್ನು, "ಅವತ್ತು ಉಪವಾಸ ಅಂದ್ರೆ ಏನ್ ಮಾಡಿದ್ರಿ ಕಣ್ಲಾ?" ಎಂದು ಸುಮ್ಮನೆ ಕೇಳಿದ್ದಾನೆ. "ಏನ್ ಮಾಡದು, ಅನ್ನ ಮುದ್ದೆ ಮುಟ್ಟನಿಲ್ಲ. ಶನಿವಾರ ಇದ್ದಂಗೆ ಇದ್ದೋ. ಒಸಿ ಉಪ್ಪಿಟ್ಟು, ಒಸಿ ಸಜ್ಜಿಗೆ, ಎರಡು ಬಾಳೆಹಣ್ಣು, ಅಷ್ಟೇಯ." ಶನಿವಾರದ ಉಪವಾಸಕ್ಕೆ ಸಜ್ಜಿಗೆ ಇಲ್ಲದಿದ್ದರೆ ಆಗುತ್ತದೆಯೇ? ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣದಲ್ಲೇ, ನಮ್ಮ ಅಮ್ಮನೂ ಶನಿವಾರ ಹಾಗೆಯೇ ಇರುತ್ತಿದ್ದಳು. ಆದರೂ ನನಗಾಗಲಿ ಬೇರೆ ಯಾರಿಗಾಗಲಿ ಹೊಳೆಯಲಿಲ್ಲ. ಸಾಹೇಬರು ಟಿಪ್ಪಣಿ ಹರಿದುಹಾಕಿದರು. ಅವತ್ತಿಂದ ನಾವು "ಉಪವಾಸ" ಅನ್ನುವ ಮಾತನ್ನೇ ಬಿಟ್ಟು, "ನೀರು ಬಿಟ್ಟು ಏನೂ ಬಾಯಿಗೆ ಹಾಕಬೇಡಿ, ಉಪ್ಪಿಟ್ಟೂ ಬೇಡ, ಪ್ರಸಾದಾನೂ ಬೇಡ, ಕಾಫಿನೂ ಬೇಡ" ಎಂದು ಹೇಳತೊಡಗಿದೆವು. "ಎಲೆಅಡಿಕೆ?" ಎಂದು ಆಗಲೂ ಯಾರಾದರೊಬ್ಬರು ಕೇಳುತ್ತಿದ್ದರು.

ಇದಾದ ಮೇಲೆ ಸಾಹೇಬರಿಗೆ ಪ್ರಶ್ನೆ ಕೇಳುವ ಕ್ರಮದ ಮೇಲೆ ಹುಚ್ಚು ಹಿಡಿಯಿತು. ನಮ್ಮನ್ನೆಲ್ಲ ರಾಮನಗರದ ಆಫೀಸಿನಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. ಉತ್ತರವನ್ನು ನೀವೇ ಅವರ ಬಾಯಿಗೆ ಇಡಬಾರದು. "ನೀವು ಹೊಗೆಸೊಪ್ಪು ಹಾಕಲ್ಲ ಅಲ್ವಾ?" ಎಂದು ಕೇಳಬಾರದು. "ದಿನಾ ಎಷ್ಟು ಸಲ ಹಾಕ್ತೀರಾ?" ಎಂದೂ ಕೇಳಬಾರದು, ಹಾಕುತ್ತಾರೆಂದು ನೀವೇ ತೀರ್ಮಾನಿಸಿದಂತಾಯಿತು. ಹೌದು ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಸಮನಾದ ಜಾಗ ಬಿಟ್ಟು ಕೇಳಬೇಕು. ಹಾಗೆ ಬಿಡದಿದ್ದರೆ ಅದು ಪ್ರಶ್ನೆಯಲ್ಲ, ದಬ್ಬಾಳಿಕೆ. ನನ್ನ ಒಂದು ಸಂದರ್ಶನವನ್ನು ಎಲ್ಲರ ಮುಂದೆ ಇಟ್ಟು, ಇದು ಹೀಗೆ ಕೇಳಬಾರದು ಎಂಬುದಕ್ಕೆ ಮಾದರಿ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕಲಿತೆ. ಚೆನ್ನಾಗಿಯೇ ಕಲಿತೆ.

ಕಲಿತದ್ದನ್ನು ತೆಗೆದುಕೊಂಡು ಹಳ್ಳಿಗೆ ಹೋದರೆ ಅಲ್ಲಿ ಪ್ರಶ್ನೆ ಹೆಂಡತಿಗೆ, ಉತ್ತರ ಗಂಡನದು. "ಅವ್ಳು ಏನೂ ಹಾಕಾಕಿಲ್ಲ ಬರ್ಕಳಿ" ಅನ್ನುತ್ತಾನೆ. ಅವಳು ಬಾಗಿಲ ಹಿಂದೆ ಕೆಂಪು ತುಟಿ ಮುಚ್ಚಿಕೊಂಡು ನಿಂತಿರುತ್ತಾಳೆ. ಸಾಹೇಬರ ಪಾಠದಲ್ಲಿ ಗಂಡನಿಗೆ ಜಾಗ ಬಿಟ್ಟಿರಲಿಲ್ಲ.

ಈಗ ಪುಟ್ಟತಾಯಮ್ಮನ ವಿಷಯಕ್ಕೆ ಬರುತ್ತೇನೆ. ಉಳಿದದ್ದೆಲ್ಲ ಮರೆತರೂ ಹುಡುಗಿ ಇದೊಂದನ್ನು ನೆನಪಿಟ್ಟುಕೊಳ್ಳಲಿ.

ಕೂಟಗಲ್ ಹೋಬಳಿಯ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆ, ಎರಡು ಸೀಮೆಹಸು ಇರುವ ಕುಟುಂಬ. ಗಂಡ ಬೋರೇಗೌಡ. ಮಾತಿಲ್ಲದ ಮನುಷ್ಯ. ಮಾತೆಲ್ಲ ಪುಟ್ಟತಾಯಮ್ಮನ ಪಾಲಿಗೆ ಬಂದಿತ್ತು. ನಾನು ಮೊದಲ ಸಲ ಹೋದಾಗ ಅವಳು ಹುಳದ ಮನೆಯ ಬಾಗಿಲಲ್ಲಿ ಕೂತು ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು. ಆಪರೇಷನ್ನಿಗೆ ಹೋಗುವ ಡಾಕ್ಟರು ಕೂಡ ಅಷ್ಟು ತೊಳೆಯುವುದನ್ನು ನಾನು ನೋಡಿಲ್ಲ. ಆಮೇಲೆ ಬಾಯಿಯಲ್ಲಿದ್ದ ಕಡ್ಡಿಪುಡಿಯ, ಅಂದರೆ ಹೊಗೆಸೊಪ್ಪಿನ ಪುಡಿ ಹಾಕಿದ, ಎಲೆ ಉಗುಳಿ, ಮೂರು ಮೂರು ಸಲ ಮುಕ್ಕಳಿಸಿದಳು.

"ಇದ್ಯಾಕೆ ಇಷ್ಟು ತೊಳೀತೀರಿ?" ಎಂದು ಕೇಳಿದೆ.

"ಕಡ್ಡಿಪುಡಿ ಮುಟ್ಟಿದ ಕೈಲಿ ಸೊಪ್ಪು ಆಕುದ್ರೆ ಹುಳ ಸತ್ತೋಯ್ತವೆ ಮೇಡಮ್ಮ. ಅದ್ರ ಗಾಳಿ ತಾಕುದ್ರೂ ಆಗಾಕಿಲ್ಲ ಅವಕ್ಕೆ."

"ಮತ್ತೆ ಅದನ್ನೇ ಕೆನ್ನೇಲಿ ಇಟ್ಕೋತೀರಲ್ಲ?"

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾವೇನು ಹುಳಾನಾ? ಮನುಸ್ರು ಕಣವ್ವ" ಅಂದಳು.

ಇದು ಹೀಗೆ ಕೇಳಬಾರದ ಪ್ರಶ್ನೆಯೇ. ಸಾಹೇಬರು ಇದ್ದಿದ್ದರೆ ಮತ್ತೊಂದು ಮಾದರಿ ಸಿಗುತ್ತಿತ್ತು. ಆದರೆ ನಮ್ಮ ಆಫೀಸಿನ ಪೋಸ್ಟರುಗಳಲ್ಲಿ, ಚೇಳು, ತಲೆಬುರುಡೆ, ಕಪ್ಪು ಶ್ವಾಸಕೋಶ ಎಲ್ಲ ಇರುವ ಆ ಪೋಸ್ಟರುಗಳಲ್ಲಿ, ಇಷ್ಟು ಸರಿಯಾದ ವಿಷಯ ಒಂದೂ ಇರಲಿಲ್ಲ. ಹೊಗೆಸೊಪ್ಪು ವಿಷ ಅನ್ನುವುದು ಆ ಸೀಮೆಯ ರೇಷ್ಮೆ ಸಾಕುವ ಎಲ್ಲ ಮನೆಗೂ ಗೊತ್ತು. ಹುಳ ಜೋಪಾನ, ಕೆನ್ನೆ ದೇವರ ಪಾಲು.

ಎರಡು ಮೂರು ವರ್ಷ ಅವಳ ಬಾಯಲ್ಲಿ ಏನೂ ಇರಲಿಲ್ಲ. ಆಮೇಲೊಂದು ವರ್ಷ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು. ಮಚ್ಚೆ ಬಹಳ ಜನಕ್ಕೆ ಇರುತ್ತದೆ, ಬಹಳ ಜನಕ್ಕೆ ಏನೂ ಆಗುವುದಿಲ್ಲ. ಮುಂದಿನ ವರ್ಷ ಟಾರ್ಚು ಬಿಟ್ಟಾಗ ಬಿಳಿಯ ಮಧ್ಯೆ ಕೆಂಪು ಕೆಂಪು ಚುಕ್ಕೆ. ಬೆರಳಿಟ್ಟರೆ ಒರಟು. ಮುಖದಲ್ಲಿ ಏನೂ ತೋರಿಸಬಾರದೆಂದು ನಮಗೆ ಕಲಿಸಿದ್ದರು. ಅದನ್ನು ಮಾತ್ರ ಅವತ್ತು ಪಾಲಿಸಲು ಆಗಲಿಲ್ಲ.

"ಏನವ್ವ? ಯಾಕ್ ಮೊಕ ಅಂಗ್ ಮಾಡ್ಕಂಡ್ರಿ?" ಅಂದಳು.

ಬೆಂಗಳೂರಿಗೆ ಹೋಗಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು, ಜೀಪಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ, ಈಗಲೇ ನೋಡಿದರೆ ವಾಸಿಯಾಗುತ್ತದೆ ಎಂದೆಲ್ಲ ಹೇಳಿದೆ. ಅವಳು ಮೊದಲು ಹುಳದ ನೆಪ ಹೇಳಿದಳು. ಹುಳ ನಾಲ್ಕನೇ ಜ್ವರ ಎದ್ದಿವೆ ಅಂದಳು. ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ, ಕೊನೆಯ ಪೊರೆ ಬಿಟ್ಟ ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಸರಿ ಅಂದೆ. ಹುಳ ಹಣ್ಣಾಗಿ, ಗೂಡು ಕಟ್ಟಿ, ಬೋರೇಗೌಡ ಗೂಡು ಮಾರ್ಕೆಟ್ಟಿಗೆ ಹಾಕಿ ಬಂದ ಮೇಲೆ ಮತ್ತೆ ಹೋದೆ. ಈ ಸಲ ಬೇರೆ ಮಾತು. "ಕತ್ತಿ ತಾಕುಸುದ್ರೆ ಅರಡ್ಕತದಂತೆ. ನಮ್ಮ ಚಿಕ್ಕತ್ತೆಗೂ ಅಂಗೇ ಆಯ್ತು, ಕೂಯ್ದು ಆರು ತಿಂಗ್ಳಿಗೇ ಓಗ್ಬುಟ್ಲು." ಅವರ ಚಿಕ್ಕತ್ತೆ ಆಸ್ಪತ್ರೆಗೆ ಹೋದದ್ದೇ ಕೊನೆಗಾಲದಲ್ಲಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮೂರನೇ ಸಲ ಹೋದಾಗ ಮಾತೇ ಮುಗಿಸಿಬಿಟ್ಟಳು.

"ಅಮ್ಮನ್ ತಾವ ಊ ಕೇಳ್ಸಿದ್ದಾಯ್ತು ಮೇಡಮ್ಮ. ಎಡಕ್ಕೆ ಕೊಟ್ಟವ್ಳೆ. ಬ್ಯಾಡ ಅಂದವ್ಳೆ. ಇನ್ನು ನೀವು ಬರಬ್ಯಾಡಿ."

ಊರ ಮಾರಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ಮದುವೆ, ಕೊಳವೆಬಾವಿ, ಹಸು ಮಾರುವುದು, ಯಾವುದಕ್ಕಾದರೂ ಸರಿ, ಪೂಜಾರಿ ಒದ್ದೆ ಹೂವನ್ನು ದೇವಿಯ ಮೈಗೆ ಅಂಟಿಸುತ್ತಾನೆ, ಬಂದವರು ಮನಸ್ಸಿನ ಮಾತು ಹೇಳಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಒಂದು ಸಲ ಕೇಳಿದ್ದನ್ನು ಮತ್ತೆ ಕೇಳುವ ಹಾಗಿಲ್ಲ. ಅಮ್ಮನನ್ನು ಅನುಮಾನಿಸಿದಂತಾಗುತ್ತದೆ.

ಆಫೀಸಿಗೆ ಬಂದು ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರು ನಿರಾಕರಿಸಿದ್ದಾರೆ. ನಿರಾಕರಿಸುವುದು ಅವರ ಹಕ್ಕು. ನಾವು ತಿಳಿಸಿದ್ದೇವೆ, ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು. ಮತ್ತೆ ಮತ್ತೆ ಹೋದರೆ ಒತ್ತಾಯ ಅನ್ನಿಸಿಕೊಳ್ಳುತ್ತೆ. ನಿರಾಕರಣೆ ಅಂತ ಬರೆದು ಮುಂದಿನ ಮನೆಗೆ ಹೋಗಿ" ಅಂದರು. ಪುಸ್ತಕದ ಪ್ರಕಾರ ಒಂದಕ್ಷರ ತಪ್ಪಿಲ್ಲದ ಮಾತು. ಆಮೇಲೆ ಕಿಟಕಿ ಕಡೆ ತಿರುಗಿ, "ಎಷ್ಟು ವಯಸ್ಸು ಆಕೆಗೆ?" ಅಂದರು. ಹೇಳಿದೆ. ಅದಕ್ಕೇ ಒಳ್ಳೆಯ ಮನುಷ್ಯ ಎಂದು ಮೊದಲೇ ಬರೆದದ್ದು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಸಾಹೇಬರ ಮೇಲೆ ಸಿಟ್ಟು, ಮಾರಮ್ಮನ ಮೇಲೆ ಸಿಟ್ಟು, ಚಿಕ್ಕತ್ತೆಯ ಮೇಲೂ ಸಿಟ್ಟು. ಇಬ್ಬರೂ ಒಂದೇ ಉತ್ತರ ಕೊಟ್ಟಿದ್ದರಲ್ಲ, ಬೆಂಗಳೂರಿನ ಡಾಕ್ಟರೂ ಕೂಟಗಲ್ಲಿನ ಅಮ್ಮನೂ! ಪುಟ್ಟತಾಯಮ್ಮನ ಕೆನ್ನೆಯ ಒಳಗಿನ ಆ ಕೆಂಪು ಚುಕ್ಕೆ ಮಾತ್ರ ಯಾರ ಉತ್ತರಕ್ಕೂ ಕಾಯುತ್ತಿರಲಿಲ್ಲ. ಜೀಪಿನಲ್ಲಿ ಗೊಣಗುತ್ತಾ ಕೂತಿದ್ದೆ. ಕೆಂಪಣ್ಣ ಸ್ಟೀರಿಂಗ್ ಹಿಡಿದುಕೊಂಡೇ, "ಅಮ್ಮಂದೇನ್ ತಪ್ಪು ಮೇಡಂ? ಓಗ್ಲಾ ಬ್ಯಾಡ್ವಾ ಅಂತ ಕೇಳಿರ್ತಾಳೆ. ಕೇಳ್ದಂಗೆ ಯೋಳವ್ಳೆ" ಅಂದ.

ಓ, ಪ್ರಶ್ನೆಯೇ ಹಾಗಿತ್ತು. ಹೌದಕ್ಕೂ ಇಲ್ಲಕ್ಕೂ ಸಮನಾದ ಜಾಗ ಬಿಟ್ಟಿದ್ದಳು. ಸಾಹೇಬರು ಕೇಳಿಸಿಕೊಂಡಿದ್ದರೆ ಅವಳ ಬೆನ್ನು ತಟ್ಟುತ್ತಿದ್ದರು. ನಾನು ಅಲ್ಲೇ ಜೀಪು ತಿರುಗಿಸು ಅಂದೆ.

ಪುಟ್ಟತಾಯಮ್ಮ ನನ್ನನ್ನು ಕಂಡು ಮುಖ ತಿರುಗಿಸಿದಳು. "ಇವತ್ತು ಬಾಯಿ ನೋಡೋಕೆ ಬಂದಿಲ್ಲ. ನಾನೂ ಅಮ್ಮನ್ನ ಒಂದು ಕೇಳ್ಬೇಕು. ಜೊತೆಗೆ ಬನ್ನಿ, ಸಾಕು" ಅಂದೆ. ದೇವರ ಹತ್ತಿರ ಹೋಗುತ್ತೇನೆ ಅಂದವರನ್ನು ಆ ಊರಿನಲ್ಲಿ ಯಾರೂ ತಡೆಯುವುದಿಲ್ಲ. ಬೋರೇಗೌಡನೂ ಟವೆಲ್ ಹೆಗಲಿಗೆ ಹಾಕಿಕೊಂಡು ಹಿಂದೆ ಬಂದ.

ಪೂಜಾರಪ್ಪ ಹಣ್ಣಾದ ಮುದುಕ. ಹೂ ಅಂಟಿಸಿ, "ಕೇಳ್ಕಳವ್ವ" ಅಂದ. ನಾನು ಮನಸ್ಸಿನಲ್ಲಿ ಕೇಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ: "ತಾಯೀ, ಪುಟ್ಟತಾಯಮ್ಮನ್ನ ಬುಧವಾರ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ, ಶುಕ್ರವಾರ ಕರ್ಕೊಂಡು ಹೋಗ್ಲಾ? ಬುಧವಾರ ಆದ್ರೆ ಬಲಕ್ಕೆ ಕೊಡು, ಶುಕ್ರವಾರ ಆದ್ರೆ ಎಡಕ್ಕೆ ಕೊಡು."

ಪೂಜಾರಪ್ಪ ನನ್ನ ಕಡೆ ತಿರುಗಿದ.

"ಇದ್ಯಾವ ಸೀಮೆ ಕೇಳಾದು ಮೇಡಮ್ಮ?"

"ಯಾಕೆ, ಅಮ್ಮಂಗೆ ವಾರ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು!" ಅಂದ ರೋಷದಿಂದ. ಅಲ್ಲಿಗೆ ಅವನೂ ಸಿಕ್ಕಿಬಿದ್ದ.

ಹೂ ಬೀಳಲಿಲ್ಲ. ನಾನು ವಿಜ್ಞಾನದ ಕೆಲಸ ಮಾಡುವವಳು. ಒದ್ದೆ ಹೂ ಒಣಗಿದರೆ ಬೀಳುತ್ತದೆ ಎಂದು ನನಗೆ ಗೊತ್ತು. ಆದರೂ ಬೀಳದೇ ಹೋದರೆ? ಇಷ್ಟು ದೊಡ್ಡ ಜಾಣತನ ಮಾಡಿದವಳಿಗೆ ಆ ಮೂರನೇ ಉತ್ತರ ಹೊಳೆದೇ ಇರಲಿಲ್ಲ. ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ಹೂವನ್ನೇ ನೋಡುತ್ತಿದ್ದಳು. ಮೂಲೆಯಲ್ಲಿದ್ದ ಬೋರೇಗೌಡ, ಅವತ್ತಿನವರೆಗೆ ನನ್ನೆದುರು ಒಂದು ಮಾತೂ ಆಡಿರದ ಬೋರೇಗೌಡ, ಕೈ ಮುಗಿದುಕೊಂಡು, "ಕೊಟ್ಬುಡವ್ವ ತಾಯಿ, ಯಾವ್ದಾರ ಒಂದು ಕೊಟ್ಬುಡು" ಅಂದ. ಆಮೇಲೆ ಹೂ ಬಿತ್ತು. ಬಲಕ್ಕೆ.

"ಬುದ್ವಾರ" ಅಂದ ಪೂಜಾರಪ್ಪ.

ಬುಧವಾರ ಹೋದೆವು. ಚೂರು ತೆಗೆದರು. ಕ್ಯಾನ್ಸರೇ, ಆದರೆ ಚಿಕ್ಕದು, ಕೆನ್ನೆಯಿಂದ ಆಚೆ ಹೋಗಿಲ್ಲ ಅಂದರು. ಆಪರೇಷನ್ ಆದ ದಿನ ಬೋರೇಗೌಡನ ಜೊತೆ ನಾನೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಕೆಂಪಣ್ಣ ತಂದ ದೋಸೆ ಪೊಟ್ಟಣದಲ್ಲೇ ತಣ್ಣಗಾಯಿತು, ನಾನು ಮುಟ್ಟಲಿಲ್ಲ. ಅವಳು ಬದುಕಿ ಬಂದಳು. ಬಾಯಿ ಮೊದಲಿನಷ್ಟು ಅಗಲ ತೆರೆಯುವುದಿಲ್ಲ, ಒಂದು ಕಡೆಯಿಂದ ಮಾತಾಡುತ್ತಾಳೆ. ಮಾತೇನೂ ಕಡಿಮೆಯಾಗಲಿಲ್ಲ. ಕಡ್ಡಿಪುಡಿ ಬಿಟ್ಟಳು. ಬೀದಿಯಲ್ಲಿ ಯಾರಾದರೂ ಹಾಕಿಕೊಳ್ಳುವುದು ಕಂಡರೆ, "ಹುಳ ಸಾಯ್ತವೆ, ಉಗಿ" ಎಂದು ಗದರುತ್ತಾಳಂತೆ. ನಾನು ಮೇಡಮ್ಮ ಹೋಗಿ ಸರೋಜಕ್ಕ ಆದೆ, ನೀವು ಹೋಗಿ ನೀನು ಆದೆ.

ಇದನ್ನೆಲ್ಲ ಸಾಹೇಬರಿಗೆ ಹೇಳಲೇಬೇಕಾಯಿತು. ಅವರು ಪೂರ್ತಿ ಕೇಳಿ ಅವಳ ಫಾರಂ ತೆಗೆದರು. "ನಿರಾಕರಿಸಿದವರು ಒಪ್ಪಿದವರಾದರು. ಹೇಗಾದರು ಅಂತ ನಾನು ಎಲ್ಲಿ ಬರೀಲಿ? ಮಾರಮ್ಮನಿಗೆ ನಮ್ಮಲ್ಲಿ ಕಾಲಮ್ ಇಲ್ಲ. ಇದು ನಿಮ್ಮ ಹಸ್ತಕ್ಷೇಪ. ಆಕೆಯನ್ನು ಲೆಕ್ಕದಿಂದ ಬಿಡಬೇಕಾಗುತ್ತೆ" ಅಂದರು. ಬಿಟ್ಟರು. ಆ ಅಧ್ಯಯನ ಆಮೇಲೆ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಲ್ಲಿ ಸತ್ತವರು ಎಲ್ಲರೂ ಇದ್ದಾರೆ, ಪುಟ್ಟತಾಯಮ್ಮ ಇಲ್ಲ. ಅವತ್ತು ಬಾಗಿಲ ತನಕ ಹೋಗಿದ್ದ ನನ್ನನ್ನು ಸಾಹೇಬರು ಕರೆದು, "ಸರೋಜಾ, ಪ್ರಶ್ನೆ ಚೆನ್ನಾಗಿತ್ತು" ಅಂದರು. ನನಗೆ ಸಿಕ್ಕ ಬಡ್ತಿ ಅದೊಂದೇ ಎಂದು ಇಟ್ಟುಕೊಳ್ಳಿ.

ಆಮೇಲೆ ಕಾಲ ಬದಲಾಯಿತು. ಜೀಪು ಹೋಗಿ ನಮ್ಮ ನಮ್ಮ ಸ್ಕೂಟಿ ಬಂತು. ಕಾಗದ ಹೋಗಿ ಟ್ಯಾಬ್ ಬಂತು. ಕನಕಪುರದ ಕಡೆ ಗುಡ್ಡದ ಹಿಂದೆ ನೆಟ್‌ವರ್ಕ್ ಸಿಗದೆ, ನಾವು ಟ್ಯಾಬನ್ನು ಕೈಯಲ್ಲೆತ್ತಿಕೊಂಡು ಬಂಡೆ ಹತ್ತುತ್ತಿದ್ದೆವು. ಜನ ನಾವೇನೋ ಹರಕೆ ಹೊತ್ತಿದ್ದೇವೆ ಅಂದುಕೊಂಡಿದ್ದರು. ಈಗ ಬಾಯಿಯ ಫೋಟೋ ತೆಗೆದು ಕಳಿಸಿದರೆ ಕಂಪ್ಯೂಟರೇ ಮಚ್ಚೆ ಗುರುತಿಸುತ್ತದೆ. ಒಳ್ಳೆಯದೇ. ಮಾಗಡಿಯಲ್ಲಿ ಅದು ಒಬ್ಬ ತಾತನ ಬಾಯಲ್ಲಿದ್ದ ಅವರೆಕಾಳನ್ನು ಗಡ್ಡೆ ಅಂದಿತು, ಅದೂ ಸರಿಹೋಗುತ್ತದೆ ಬಿಡಿ. ಆದರೆ ಗುರುತಿಸಿದ ಮೇಲೆ ಜನರನ್ನು ಮನೆಯಿಂದ ಹೊರಡಿಸುವ ಕೆಲಸ ಇದೆಯಲ್ಲ, ಅದನ್ನು ಇನ್ನೂ ಹೊಸ ಹುಡುಗಿಯರಿಗೇ ಬಿಟ್ಟಿದ್ದಾರೆ.

ಇಲ್ಲಿಗೆ ಮುಗಿಸಬೇಕಿತ್ತು. ಆದರೆ ಇವತ್ತೇ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳುತ್ತೇನೆ ಅಂದಿದ್ದೆನಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಸ್ನಾನ ಮಾಡುವಾಗ, ನನ್ನ ಬಲಗಡೆಯ ಸ್ತನದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಎಂದು ನಾನೇ ಎಷ್ಟೋ ಊರಿನ ಹೆಂಗಸರನ್ನು ಕೂರಿಸಿಕೊಂಡು ಹೇಳಿದ್ದೇನೆ. ತಡ ಮಾಡುವವರು ಯಾಕೆ ತಡ ಮಾಡುತ್ತಾರೆ ಎಂದು ನಮ್ಮಲ್ಲಿ ಒಂದು ಅಧ್ಯಯನವೇ ನಡೆದಿತ್ತು. ಅದರ ಕಾರಣಗಳೆಲ್ಲ ನನಗೆ ಬಾಯಿಪಾಠ. ಒಂದೊಂದಾಗಿ ಎಲ್ಲವನ್ನೂ ಬಳಸಿದೆ. ದಸರಾ ಕಳೆಯಲಿ ಅಂದೆ. ತಂಗಿ ಮಗಳ ಮದುವೆ ಮುಗಿಯಲಿ ಅಂದೆ. ದೀಪಾವಳಿ ಬಂತು. ವಯಸ್ಸಾದವರಿಗೆ ಗಂಟು ಬರುವುದು ಸಹಜ ಅಂದುಕೊಂಡೆ. ಈ ಕೊನೆಯದು ಅಧ್ಯಯನದಲ್ಲಿ ಇರಲಿಲ್ಲ, ನನ್ನದೇ ಕೊಡುಗೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಪುಕ್ಕಲು ಅಂದರೆ ಪುಕ್ಕಲು. ದಿನಾ ಬೆಳಿಗ್ಗೆ, ಹೋಗಲಾ ಬೇಡವಾ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ದಿನಾ ಎಡಕ್ಕೇ ಬೀಳುತ್ತಿತ್ತು.

ಭಾನುವಾರ ಪುಟ್ಟತಾಯಮ್ಮ ಬಂದಳು. ಗೂಡಿನ ಮಾರ್ಕೆಟ್ಟಿಗೆ ಬೋರೇಗೌಡನ ಜೊತೆ ರಾಮನಗರಕ್ಕೆ ಬಂದವಳು, ಅಲ್ಲಿಂದ ಬಸ್ಸು ಹತ್ತಿ, ಒಂದು ಚೀಲ ಸೊನೆ ಅವರೆಕಾಯಿ ಹೊತ್ತು ನಮ್ಮ ಮನೆಗೆ ಬಂದಳು. ಅಟ್ಟದ ಮೇಲಿನ ಪಾತ್ರೆ ತೆಗೆಯಲು ನಾನು ಎಡಗೈ ಚಾಚಿದ್ದನ್ನು ನೋಡಿದಳು. ಬಲಗೈ ಯಾಕೆ ಎತ್ತುವುದಿಲ್ಲ ಅಂದಳು. ನೋವಿರಲಿಲ್ಲ, ಹೆದರಿಕೆಗೆ ಎತ್ತುತ್ತಿರಲಿಲ್ಲ. ಏನೇನೋ ಹೇಳಿದೆ. ಬಿಡಲಿಲ್ಲ. ಕೊನೆಗೆ ಹೇಳಿಬಿಟ್ಟೆ. ಹೇಳುತ್ತಾ ಅಳು ಬಂತು.

ಸಮಾಧಾನ ಮಾಡುತ್ತಾಳೆ ಅಂದುಕೊಂಡೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. ಆ ಒಂದು ಕಡೆಯ ಬಾಯಿಂದ ಕೇಳಿದಳು:

"ಬುದ್ವಾರ ಓಯ್ತೀಯೋ, ಸುಕ್ರವಾರ ಓಯ್ತೀಯೋ?"

"ಲೇ, ನನ್ನ ಹತ್ರಾನೇನೇ!" ಅಂದೆ. ನಗುವೂ ಬಂತು, ಸಿಟ್ಟೂ ಬಂತು. "ಹಾಗಾದ್ರೆ ಅವತ್ತು ಗೊತ್ತಾಗಿತ್ತಾ ನಿಂಗೆ?"

"ಗೊತ್ತಾಗ್ದೆ ಏನು? ಬ್ಯಾಡ ಅನ್ನಾಕೆ ನೀನು ಜಾಗಾನೇ ಇಡ್ನಿಲ್ಲ. ನಂಗೂ ಓಗ್ಬೇಕು ಅಂತಿತ್ತು ಕಣಕ್ಕ, ನನ್ ಬುಟ್ಟು ಬ್ಯಾರೆ ಯಾರಾದ್ರೂ ಯೋಳ್ಲಿ ಅಂತಿದ್ದೆ. ಮಾತ್ ತಪ್ಪುಸ್ಬ್ಯಾಡ. ಬುದ್ವಾರನೋ, ಸುಕ್ರವಾರನೋ?"

"ಬುಧವಾರ" ಅಂದೆ.

ಇವತ್ತು ಮಂಗಳವಾರ. ಅವಳು ಊರಿಗೆ ಹೋಗಿಲ್ಲ. "ನಿನ್ನ ನಂಬಾಕಾಗಾಕಿಲ್ಲ, ನಾನೇ ಕರ್ಕಂಡೋಯ್ತೀನಿ" ಎಂದು ಭಾನುವಾರದಿಂದ ಇಲ್ಲೇ ಠಿಕಾಣಿ ಹೂಡಿದ್ದಾಳೆ. ಹುಳದ ಮನೆ ಈಗ ಖಾಲಿ, ಬೋರೇಗೌಡನಿಗೆ ಹಸು ನೋಡಿಕೊಳ್ಳಲು ಫೋನಿನಲ್ಲಿ ಹೇಳಿದ್ದಾಳೆ. ಹೊಸ ಹುಡುಗಿಯರು ತಿಳಿದುಕೊಳ್ಳಲಿ, ಫಾಲೋಅಪ್ ಅಂದರೆ ಇದು. ಆಸ್ಪತ್ರೆಯವರು ಸ್ಕ್ಯಾನು, ರಕ್ತ ಎಲ್ಲ ಮಾಡುತ್ತೇವೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದಾರೆ. ಅದನ್ನು ಅಡುಗೆಮನೆಗೆ ಕೂಗಿ ಹೇಳಿದೆ.

"ಅಂಗಾರೆ ಬೆಳಿಗ್ಗೆ ಒಸಿ ಉಪ್ಪಿಟ್ಟು ಕೆದಕ್ಲಾ?" ಅಂದಳು.

"ಉಪ್ಪಿಟ್ಟೂ ಇಲ್ಲ, ಕಾಫಿನೂ ಇಲ್ಲ. ಬರೀ ನೀರು. ನೀನು ತಿನ್ನು, ನಿಂಗೇನು?"

"ನೀನು ತಿನ್ದೆ ನಾನೆಂಗ್ ತಿನ್ಲಿ? ನನ್ ಕೆನ್ನೆ ಕೂಯ್ದಾಗ ನೀನು ದೋಸೆ ಮುಟ್ಟನಿಲ್ವಂತೆ, ನಮ್ಮೋರು ಯೋಳವ್ರೆ. ನಾಳೆ ನಾನೂ ಉಪಾಸ ಕಣಕ್ಕ."

ಅವಳ ಉಪವಾಸಕ್ಕೆ ಸಜ್ಜಿಗೆ ಸೇರುತ್ತದೋ ಇಲ್ಲವೋ ಎಂದು ನಾನು ಕೇಳಲಿಲ್ಲ.